ಬಸ್ ಫ್ರೀ ಅದಲ್ಲವ್ವಾ, ಸೈಕಲ್ ಯಾಕ?

ಕೇಳುಗರಿಗೆಲ್ಲ ನಮಸ್ಕಾರ.

ಮೊದಲೇ ಹೇಳಿಬಿಡುತ್ತೇನೆ, ನಾನು ದೊಡ್ಡ ಸೈಕಲ್ ಸವಾರಳೇನೂ ಅಲ್ಲ. ಕಲಬುರಗಿಯ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ವಯಸ್ಸು 46. ಮೆಟ್ಟಿಲು ಹತ್ತುವಾಗ ಎಡ ಮೊಣಕಾಲು ಕಟಕಟ ಅನ್ನುತ್ತದೆ. ಇಂಥ ನಾನು ಕಳೆದ ಎಳ್ಳಮಾವಾಸ್ಯೆ ದಿನ ಕಲಬುರಗಿಯಿಂದ ಬೀದರಿನವರೆಗೆ, ಹೆಚ್ಚುಕಮ್ಮಿ 110 ಕಿಲೋಮೀಟರ್, ಸೈಕಲ್ ತುಳಿದುಕೊಂಡು ಹೋದೆ. ಹನ್ನೊಂದು ಜನ ಹೊರಟಿದ್ದೆವು, ಹನ್ನೊಂದನೆಯವಳಾಗಿ ಮುಟ್ಟಿದೆ. ಉಳಿದವರು ಎರಡು ತಾಸು ಮೊದಲೇ ಬಂದು, ಕೈಕಾಲು ಮುಖ ತೊಳೆದು, ಚಹಾ ಕುಡಿದು ಕೂತಿದ್ದರು. ಆಮೇಲೆ ನಾವೆಲ್ಲ ಕೂತು ಮಾತಾಡುವಾಗ ಒಂದು ವಿಷಯ ಗೊತ್ತಾಯಿತು. ಅವರ ಹತ್ತಿರ ಹೇಳಲು ಏನೂ ಇರಲಿಲ್ಲ. ಎಷ್ಟು ವೇಗ, ಎಷ್ಟು ಏರು, ಅಷ್ಟೇ. ದಾರಿಯ ಜನರೆಲ್ಲ ನನಗೇ ಸಿಕ್ಕಿದ್ದರು.

ಯಾಕೆ ಹೋದೆ ಅನ್ನುವುದನ್ನು ಹೇಳಬೇಕು, ಅದರಲ್ಲಿ ನನ್ನದೇ ಒಂದು ತಪ್ಪು ಇದೆ. ಎರಡು ವರ್ಷದ ಹಿಂದೆ ನಾನು ಜೇವರ್ಗಿ ಕಡೆಯ ಒಂದು ಹಳ್ಳಿ ಶಾಲೆಯಲ್ಲಿದ್ದೆ. ಎಂಟನೇ ಕ್ಲಾಸಿನಲ್ಲಿ ಒಬ್ಬ ಹುಡುಗ ಮೂರು ವಾರಕ್ಕೊಮ್ಮೆ ತಪ್ಪದೆ ಗೈರುಹಾಜರಾಗುತ್ತಿದ್ದ. ಬಣ್ಣಗೆಟ್ಟ ಮುಖ, ವಯಸ್ಸಿಗೆ ತಕ್ಕ ಎತ್ತರ ಇಲ್ಲ, ಲೆಕ್ಕದಲ್ಲಿ ಮಾತ್ರ ಚುರುಕು. ಒಂದು ದಿನ ಎಲ್ಲರ ಎದುರಿಗೇ ಬೈದೆ, ಯಾವ ಸಂತೆಗೆ ಹೋಗ್ತೀಯೋ ಅಂತ. ಹುಡುಗ ಏನೂ ಹೇಳಲಿಲ್ಲ. ಮರುದಿನ ಅವನ ಅವ್ವ ಬಂದು ಹೇಳಿದಳು. ಥಲಸ್ಸೀಮಿಯಾ. ಮೂರು ವಾರಕ್ಕೊಮ್ಮೆ ಕಲಬುರಗಿಗೆ ಹೋಗಿ ರಕ್ತ ಹಾಕಿಸಿಕೊಂಡು ಬರಬೇಕು. ಈ ಕಾಯಿಲೆಯಲ್ಲಿ ಮೈ ತಾನೇ ಸರಿಯಾದ ಕೆಂಪು ರಕ್ತಕಣ ಮಾಡಿಕೊಳ್ಳುವುದಿಲ್ಲ, ಹೊರಗಿನಿಂದ ಕೊಡಬೇಕು. ಕೊಟ್ಟರೂ ಮುಗಿಯುವುದಿಲ್ಲ. ಪ್ರತಿ ಬಾಟಲಿ ರಕ್ತದ ಜೊತೆ ಒಂದಷ್ಟು ಕಬ್ಬಿಣದ ಅಂಶವೂ ಒಳಗೆ ಹೋಗುತ್ತದೆ, ಅದನ್ನು ಹೊರಗೆ ಹಾಕುವ ದಾರಿ ನಮ್ಮ ದೇಹಕ್ಕೆ ಇಲ್ಲ, ಹಾಗಾಗಿ ಅದು ಲಿವರಿನಲ್ಲಿ, ಹೃದಯದಲ್ಲಿ ಕೂಡುತ್ತಾ ಹೋಗುತ್ತದೆ. ಅದನ್ನು ಇಳಿಸಲು ದಿನಾ ಮಾತ್ರೆ ಬೇಕು.

ಅಪ್ಪ ಅವ್ವ ಇಬ್ಬರಿಗೂ ಯಾವ ತೊಂದರೆಯೂ ಇರುವುದಿಲ್ಲ. ಆದರೆ ಇಬ್ಬರೂ ಈ ಗುಣ ಹೊತ್ತವರಾಗಿದ್ದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಂಭವ 4ರಲ್ಲಿ 1. ಇದು ನಾನು ಕ್ಲಾಸಿನಲ್ಲಿ ಕಲಿಸುವ ಲೆಕ್ಕವೇ. ಎರಡು ನಾಣ್ಯ ಒಟ್ಟಿಗೆ ಚಿಮ್ಮಿದರೆ ಎರಡೂ ತಲೆ ಬೀಳುವ ಸಂಭವ ಎಷ್ಟು? ಕಾಲು ಭಾಗ. ಮಕ್ಕಳು ತಕ್ಷಣ ಹೇಳುತ್ತಾರೆ. ಆದರೆ ಒಂದು ಸಲ ಬಿದ್ದಿತು, ಇನ್ನು ಮುಂದಿನ ಮೂರು ಸಲ ಬೀಳುವುದಿಲ್ಲ ಅಂತ ತಿಳಿಯುವವರು ಬಹಳ ಜನ. ನಾಣ್ಯಕ್ಕೆ ಹಿಂದಿನದು ನೆನಪಿರುವುದಿಲ್ಲ, ಪ್ರತಿ ಸಲವೂ ಹೊಸ ಲೆಕ್ಕ. ಸೋದರಮಾವನಿಗೆ ಕೊಡುವುದು, ಅತ್ತೆ ಮಗನಿಗೆ ಕೊಡುವುದು ನಮ್ಮ ಕಡೆ ಜಾಸ್ತಿ, ಹಾಗಾಗಿ ಇಬ್ಬರಲ್ಲೂ ಅದೇ ಗುಣ ಇರುವ ಸಂಭವವೂ ಜಾಸ್ತಿ. ಮದುವೆಗೆ ಮೊದಲು ಒಂದು ರಕ್ತಪರೀಕ್ಷೆಯಲ್ಲಿ ಇದು ಗೊತ್ತಾಗುತ್ತದೆ. ಮನೆಯಲ್ಲಿ ಮದುವೆ ಮಾತು ನಡೆದಿದ್ದರೆ ಎಚ್‌ಬಿಎ2 ಪರೀಕ್ಷೆ ಅಂತ ಡಾಕ್ಟರನ್ನು ಕೇಳಿ.

ಆ ಹುಡುಗನ ಅವ್ವ ಹೇಳಿದ ಒಂದು ಮಾತು ತಲೆಯಲ್ಲೇ ಉಳಿದುಬಿಟ್ಟಿತು. "ಬಸ್ಸಿನ್ಯಾಗ ನನಗ ಫ್ರೀ ಅದ್ರಿ ಟೀಚರ್, ಮಗಗ ಟಿಕೆಟ್ ಅದ." ಜೊತೆಗೆ ಅವಳ ಒಂದು ದಿನದ ಕೂಲಿ ಹೋಗುತ್ತದೆ, ಊರಲ್ಲಿ ಊಟ, ಮಾತ್ರೆ. ನಾವು ಕೆಲವು ಶಿಕ್ಷಕರು, ಇಬ್ಬರು ಬ್ಯಾಂಕಿನವರು, ಒಬ್ಬ ಔಷಧಿ ಅಂಗಡಿಯವರು ಸೇರಿ ಇಂಥ ಮಕ್ಕಳ ದಾರಿ ಖರ್ಚಿಗೆ ದುಡ್ಡು ಕೂಡಿಸೋಣ ಅಂದುಕೊಂಡೆವು. ಸುಮ್ನೆ ಕೇಳಿದಾಗ ಹೆಚ್ಚು ಬರಲಿಲ್ಲ. ಸೈಕಲ್ ತುಳಿಯುತ್ತೇವೆ, ಕಿಲೋಮೀಟರಿಗೆ ಇಷ್ಟು ಅಂತ ಕೊಡಿ ಅಂದಾಗ ಬಂತು. ವಿಚಿತ್ರ ಅಲ್ವಾ? ನಮ್ಮ ಹೆಡ್‌ಮಾಸ್ಟರು ಕಿಲೋಮೀಟರಿಗೆ ಎರಡು ರೂಪಾಯಿ ಬರೆಸಿದರು. ಬರೆಸಿ, "ಕಮಲಾಪುರದಾಗ ಇಳದ್ರ ಅಲ್ಲೀತನದ್ದಷ್ಟೇ ಕೊಡ್ತೀನಿ" ಅಂದರು.

ಈ ಪದ್ಧತಿ ನಾವು ಕಂಡುಹಿಡಿದದ್ದಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ 1980ರಲ್ಲಿ 36 ಜನ ಹೀಗೇ ಕ್ಯಾನ್ಸರ್ ಆಸ್ಪತ್ರೆಗಾಗಿ ಸೈಕಲ್ ತುಳಿದರು. ಪ್ಯಾನ್‌ಮಾಸ್ ಚಾಲೆಂಜ್ ಅಂತ ಅದರ ಹೆಸರು, ಈಗಲೂ ಪ್ರತಿ ವರ್ಷ ನಡೆಯುತ್ತದೆ, ಸಾವಿರಾರು ಜನ ಬರುತ್ತಾರೆ. ಫ್ರಾನ್ಸಿನಲ್ಲಿ ಇನ್ನೊಂದು ಇದೆ, ಅದು ದಾನಕ್ಕಲ್ಲ, ಸುಮ್ನೆ ಛಲಕ್ಕೆ. ಪ್ಯಾರಿಸ್‌ನಿಂದ ಬ್ರೆಸ್ಟ್ ಊರಿಗೆ ಹೋಗಿ ತಿರುಗಿ ಪ್ಯಾರಿಸ್‌ಗೆ, 1200 ಕಿಲೋಮೀಟರ್, 90 ತಾಸಿನೊಳಗೆ. 1891ರಲ್ಲಿ ಶುರುವಾದದ್ದು. ನನಗೆ ಅದರಲ್ಲಿ ಇಷ್ಟವಾದ ಸಂಗತಿ ಬೇರೆ. ರಾತ್ರಿ ಎರಡು ಗಂಟೆಗೂ ಅಲ್ಲಿನ ಹಳ್ಳಿಯವರು ಮನೆ ಮುಂದೆ ಮೇಜು ಹಾಕಿ ನೀರು, ಕಾಫಿ, ತಿಂಡಿ ಇಟ್ಟುಕೊಂಡು ಗುರುತಿಲ್ಲದ ಸವಾರರಿಗಾಗಿ ಕಾಯುತ್ತಾರಂತೆ. ಓದಿದಾಗ ಫ್ರಾನ್ಸಿನವರು ದೊಡ್ಡವರಪ್ಪ ಅನ್ನಿಸಿತ್ತು. ಎಳ್ಳಮಾವಾಸ್ಯೆ ಕಳೆದ ಮೇಲೆ ಹಾಗೆ ಅನ್ನಿಸುತ್ತಿಲ್ಲ.

ಎಳ್ಳಮಾವಾಸ್ಯೆ ದಿನ ಇಟ್ಟುಕೊಂಡದ್ದೇ ದೊಡ್ಡ ಎಡವಟ್ಟು. ರಜೆ ಇದೆ ಅಂತ ಆರಿಸಿದೆವು. ಆ ದಿನ ನಮ್ಮ ಕಡೆ ಊರಿಗೆ ಊರೇ ಹೊಲಕ್ಕೆ ಹೋಗಿರುತ್ತದೆ ಅನ್ನುವುದು, ಇಲ್ಲೇ ಹುಟ್ಟಿ ಬೆಳೆದ ಹನ್ನೊಂದು ಜನಕ್ಕೂ ಹೊಳೆಯಲಿಲ್ಲ. ಬೆಳಿಗ್ಗೆ ಐದೂವರೆಗೆ ಶರಣಬಸವೇಶ್ವರ ಗುಡಿ ಮುಂದೆ ಕೈಮುಗಿದು ಹೊರಟೆವು. ಚಳಿ. ಅಣ್ಣನ ಮಗನ ಗೇರ್ ಸೈಕಲ್, ಅವನದೇ ಹೆಲ್ಮೆಟ್, ಮೇಲೆ ನನ್ನ ಸ್ವೆಟರ್. ಮಹಾಗಾಂವ್ ಕ್ರಾಸ್ ಬರುವಷ್ಟರಲ್ಲಿ ಉಳಿದ ಹತ್ತು ಕೆಂಪು ದೀಪಗಳು ಕಣ್ಣಿಗೆ ಕಾಣದ ಹಾಗಾದವು. ನಾಷ್ಟಾ ದಾರಿಯಲ್ಲಿ ಮಾಡಿದರಾಯಿತು ಅಂತ ಬಿಸ್ಕತ್ತು ಪುಡಿಕೆ ಒಂದೇ ಇಟ್ಟುಕೊಂಡಿದ್ದೆ. ಹೋಟೆಲುಗಳೆಲ್ಲ ಬಾಗಿಲು ಹಾಕಿದ್ದವು.

ಕ್ರಾಸಿನಲ್ಲಿ ನೀರು ಕುಡಿಯಲು ನಿಂತಾಗ ಬೀದರಿಗೆ ಹೋಗುವ ಸರ್ಕಾರಿ ಬಸ್ಸು ಬಂದು ನಿಂತಿತು. ಕಂಡಕ್ಟರು ಬಾಗಿಲಲ್ಲಿ ನಿಂತು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಎಲ್ಲಿಗಿ ಹೊಂಟೀರಿ?" ಬೀದರಿಗೆ ಅಂದೆ. "ಬಸ್ ಫ್ರೀ ಅದಲ್ಲವ್ವಾ, ಸೈಕಲ್ ಯಾಕ?" ಇಡೀ ಬಸ್ಸು ನಕ್ಕಿತು, ನಾನೂ ನಕ್ಕೆ. ನಕ್ಕರೂ, ಸತ್ಯ ಹೇಳಬೇಕೆಂದರೆ, ಒಂದು ಕ್ಷಣ ಕಾಲು ಬಸ್ಸಿನ ಕಡೆಗೇ ಎಳೆಯಿತು.

ಕಮಲಾಪುರದಲ್ಲಿ ಒಂದೇ ಒಂದು ಗಾಡಿಯಲ್ಲಿ ಕೆಂಬಾಳೆ ಇತ್ತು. ಆ ಊರಿನ ಕೆಂಪು ಬಾಳೆಹಣ್ಣಿಗೆ ಭೌಗೋಳಿಕ ಗುರುತು, ಅಂದರೆ ಜಿಐ ಟ್ಯಾಗ್, ಸಿಕ್ಕಿದೆ, ದುಬಾರಿ ಹಣ್ಣು ಅದು. ಎರಡು ಕೊಂಡೆ. ಗಾಡಿಯವರು ಮೂರನೆಯದನ್ನು ಮುರಿದು ಕೈಗಿಟ್ಟು, "ಇದು ಲೆಕ್ಕದಾಗಿಲ್ಲ, ಏರು ಅದ ಮುಂದ" ಅಂದರು. ಏರು ಇದೆ ಅಂತ ನನಗೂ ಗೊತ್ತಿತ್ತು. ಕಲಬುರಗಿ ಸಮುದ್ರಮಟ್ಟದಿಂದ 450 ಮೀಟರ್ ಆಸುಪಾಸು, ಬೀದರ್ 600 ಮೀಟರಿಗೂ ಮೇಲೆ. ನಕ್ಷೆಯ ಮೇಲೆ 150 ಮೀಟರ್ ಏನೂ ಅಲ್ಲ. ಆದರೆ ರಸ್ತೆ ಒಂದೇ ಸಮ ಏರುವುದಿಲ್ಲ. ಏರುತ್ತದೆ, ಇಳಿಯುತ್ತದೆ, ಏರಿದ್ದನ್ನೆಲ್ಲ ಕಳೆದು ಮತ್ತೆ ಏರಿಸುತ್ತದೆ. ಅದರ ಮೇಲೆ ಎದುರುಗಾಳಿ. ಡಿಸೆಂಬರಿನಲ್ಲಿ ನಮ್ಮ ಕಡೆ ಗಾಳಿ ಈಶಾನ್ಯದಿಂದ ಬೀಸುತ್ತದೆ, ನಾವು ಹೋಗುತ್ತಿದ್ದದ್ದೂ ಈಶಾನ್ಯಕ್ಕೇ.

ಕಿಣ್ಣಿ ಸಡಕ್ ದಾಟಿದ ಮೇಲಿನ ಏರಿನಲ್ಲಿ ಕೈ ನಡುಗಲು ಶುರುವಾಯಿತು. ಸೈಕಲಿನವರಿಗೆ ಇದು ಗೊತ್ತು. ಮೈಯಲ್ಲಿ ಕೂಡಿಟ್ಟ ಸಕ್ಕರೆ ಅಂಶ ಎರಡು-ಮೂರು ತಾಸು ಜೋರಾಗಿ ತುಳಿದರೆ ಖಾಲಿ, ಆಮೇಲೆ ಕಾಲು ಕೇಳುವುದಿಲ್ಲ, ಸುಮ್ಮಸುಮ್ಮನೆ ಅಳು ಬರುತ್ತದೆ. ಮೂರು ಬಾಳೆಹಣ್ಣು ಎಲ್ಲಿಗೆ ಸಾಕು? ಇಳಿದು ತಳ್ಳತೊಡಗಿದೆ. ಪಕ್ಕದಲ್ಲಿ ಒಂದು ಟ್ರ್ಯಾಕ್ಟರ್ ಹೋಯಿತು. ಟ್ರಾಲಿ ತುಂಬ ಹೆಂಗಸರು, ಮಕ್ಕಳು, ಬುಟ್ಟಿಗಳು. ಒಬ್ಬ ಪೋರ ಕೂಗಿದ. "ಏ ಯಕ್ಕಾ, ಇಳೀಬ್ಯಾಡ, ತುಳಿ, ತುಳಿ!" ಉಳಿದ ಮಕ್ಕಳೂ ಶುರು ಮಾಡಿದವು. ಮಾನ ಹೋಗುತ್ತದಲ್ಲ ಅಂತ ಮತ್ತೆ ಹತ್ತಿದೆ. ಟ್ರ್ಯಾಕ್ಟರಿನವರು ಬೇಕಂತಲೇ ನಿಧಾನ ಮಾಡಿದರು, ಟ್ರಾಲಿ ನನ್ನ ಮುಂದೆ ಗಾಳಿಗೆ ಅಡ್ಡವಾಗಿ ಹೋಯಿತು, ಮಕ್ಕಳು ನನ್ನ ಒಂದೊಂದು ತುಳಿತವನ್ನೂ ಎಣಿಸಿದವು. ಎಪ್ಪತ್ತರವರೆಗೆ ಸರಿಯಾಗಿ ಎಣಿಸಿದವು, ಆಮೇಲೆ ಎಂಬತ್ತು ಬಿಟ್ಟು ತೊಂಬತ್ತಕ್ಕೆ ಹಾರಿದವು. ಗಣಿತದ ಟೀಚರ್ ನಾನು, ಆ ಒಂದು ದಿನ ತಿದ್ದಲಿಲ್ಲ.

ಟ್ರ್ಯಾಕ್ಟರ್ ಎಡಕ್ಕೆ ಹೊಲದ ದಾರಿಗೆ ತಿರುಗಿತು. ಅಲ್ಲೇ ಎರಡು ಬೇವಿನ ಮರ, ಹಿಂದೆ ತೆನೆ ಬಿಟ್ಟ ಬಿಳಿಜೋಳ, ಮರದ ಕೆಳಗೆ ಜನ. ಚರಗ ಚೆಲ್ಲಿ, ಅಂದರೆ ಭೂತಾಯಿಗೆ ಎಡೆ ಅಂತ ಹೊಲದಲ್ಲಿ ಅಡುಗೆ ಚೆಲ್ಲಿ, ಆಗಲೇ ಊಟಕ್ಕೆ ಕೂತಿದ್ದರು. ಒಬ್ಬ ಅಜ್ಜಿ ರಸ್ತೆಗೇ ಬಂದು ನಿಂತಳು. ಯಾರು, ಯಾಕೆ, ಯಾವ ಊರು, ಏನೂ ಕೇಳಲಿಲ್ಲ. "ಉಂಡಿ ಏನು?" ಅಂದಳು. ತಡವಾಗಿದೆ, ಮುಂದೆ ಹೋಗಬೇಕು ಅಂತ ಏನೋ ಅಂದೆ. "ಬೀದರ ಎಲ್ಲಿಗೂ ಓಡಿ ಹೋಗಲ್ಲ, ಕುಂದ್ರು" ಅಂತ ಗದರಿದಳು. ಸಜ್ಜೆ ರೊಟ್ಟಿ, ಬಜ್ಜಿ ಪಲ್ಯ, ಶೇಂಗಾ ಹಿಂಡಿ, ಆಮೇಲೆ ಅಂಬಲಿ. ಎಳ್ಳಮಾವಾಸ್ಯೆ ಬಜ್ಜಿ ಅಂದರೆ ಎಣ್ಣೆಯಲ್ಲಿ ಕರಿದದ್ದಲ್ಲ, ಹೊಲದಲ್ಲಿ ಸಿಗುವ ಸೊಪ್ಪು, ಕಾಳು, ಕಾಯಿ ಎಲ್ಲ ಕೂಡಿಸಿ ಕಡಲೆಹಿಟ್ಟು ಹಾಕಿ ಕುದಿಸಿದ್ದು, ಬೇರೆ ಕಡೆಯ ಕೇಳುಗರಿಗಾಗಿ ಹೇಳಿದೆ. ಎಷ್ಟು ರೊಟ್ಟಿ ತಿಂದೆ ಅಂತ ಹೇಳುವುದಿಲ್ಲ, ಮನೆಯವರೂ ರೇಡಿಯೋ ಕೇಳುತ್ತಿದ್ದಾರೆ. ಏಳುವಾಗ ಅಜ್ಜಿ ಒಂದು ಸ್ಟೀಲ್ ಡಬ್ಬಿಯಲ್ಲಿ ನಾಲ್ಕು ಶೇಂಗಾ ಹೋಳಿಗೆ ಹಾಕಿ ಚೀಲಕ್ಕೆ ತುರುಕಿದಳು. ಡಬ್ಬಿ ಬೇಡ, ಕಾಗದದಲ್ಲಿ ಕೊಡಿ ಅಂದೆ. "ಕಾಗದಾಗ ಮುದ್ದಿ ಆಗ್ತದ" ಅಂದಳು, ಅಷ್ಟೇ.

ಎಲ್ಲರೂ ಹೀಗೇ ಅಂದುಕೊಳ್ಳಬೇಡಿ. ಹುಮನಾಬಾದ್ ಹತ್ತಿರ ಬೈಕಿನ ಮೇಲೆ ಮೂವರು ಹುಡುಗರು ಫೋನ್ ಹಿಡಿದು, ಮೊಣಕೈಗೆ ತಾಗುವಷ್ಟು ಹತ್ತಿರ ಬಂದು, ಆಂಟೀ ಆಂಟೀ ಅಂತ ಒಂದು ಕಿಲೋಮೀಟರ್ ಕಾಡಿದರು. ಹೆಸರಿಗೆ ಅದೂ ಹುರಿದುಂಬಿಸುವುದೇ, ಕೂಗಿದ್ದು ಕಮಾನ್ ಕಮಾನ್ ಅಂತಲೇ. ಇಡೀ ದಾರಿಯಲ್ಲಿ ನನಗೆ ಹೆದರಿಕೆಯಾದದ್ದು ಅಲ್ಲಿ ಮಾತ್ರ.

ಹುಮನಾಬಾದಿನಲ್ಲಿ ಪುಣೆ-ಹೈದರಾಬಾದ್ ಹೆದ್ದಾರಿ ಅಡ್ಡ ಬರುತ್ತದೆ, ಲಾರಿಗಳಿಗಾಗಿ ಅಲ್ಲಿ ಒಂದೆರಡು ಹೋಟೆಲು ತೆರೆದಿದ್ದವು. ಚಹಾ ಹೇಳಿದೆ. ಗಲ್ಲೆ ಮೇಲೆ ಕೂತ ಮಾಲೀಕರು ನನ್ನ ಬೆನ್ನಿನ ಚೀಟಿ ಓದಿ ಎಲ್ಲಾ ವಿವರ ಕೇಳಿಕೊಂಡರು. ಕೇಳಿ, "ಆ ರೊಕ್ಕ ಸೀದಾ ಕೊಟ್ರ ಆಗಲ್ಲೇನ್ರಿ? ಅವರು ಕೊಡೋರೇ, ನೀವು ತಗೊಳ್ಳೋರೇ, ನಡುವ ಈ ಸೈಕಲ್ ಯಾಕ?" ಅಂದರು. ಉತ್ತರ ಹೊಳೆಯಲಿಲ್ಲ. ನೀವು ತುಳಿದದ್ದರಿಂದ ಆ ಮಗುವಿನ ಮೈಗೆ ಒಂದು ಹನಿ ರಕ್ತವೂ ಹೆಚ್ಚು ಹೋಗುವುದಿಲ್ಲ ಅಲ್ಲವೇ ಅನ್ನುವುದು ಅವರ ಮಾತಿನ ಅರ್ಥ, ಅದು ನಿಜವೂ ಹೌದು. ಚಹಾಕ್ಕೆ ಸರಿಯಾಗಿ ದುಡ್ಡು ತೆಗೆದುಕೊಂಡರು. ನನಗೆ ಅದು ಹಿಡಿಸಿತು. ಆಮೇಲೆ ನನ್ನ ಬಾಟಲಿ ತಾವೇ ಕಸಿದುಕೊಂಡು ತುಂಬಿಸಿ, ಒಂದು ಚಿಟಿಕೆ ಉಪ್ಪು, ಎರಡು ಚಮಚ ಸಕ್ಕರೆ, ಅರ್ಧ ನಿಂಬೆಹಣ್ಣು ಹಿಂಡಿ ಕುಲುಕಿ ಕೊಟ್ಟರು. "ಸೈಕಲ್ ಯಾಕಂತ ನನಗ ಇನ್ನಾ ತಿಳಿದಿಲ್ಲ ಮತ್ತ" ಅಂತ ಹಿಂದಿನಿಂದ ಕೂಗಿದರು.

ಹುಮನಾಬಾದ್ ಬಿಡುವಾಗ ಬೆಳಗಿನ ಅದೇ ಬಸ್ಸು ಬೀದರಿನಿಂದ ತಿರುಗಿ ಬರುತ್ತಾ ಎದುರಾಯಿತು. ಕಂಡಕ್ಟರು ಗುರುತು ಹಿಡಿದು ಕಿಟಕಿಯಿಂದ ತಲೆ ಹಾಕಿ, "ಇನ್ನಾ ಇಲ್ಲೇ ಅದೀರೇನ್ರಿ ಮೇಡಂ!" ಅಂದರು. ಸೈಕಲಿನ ಮೇಲೆ ಕೂತವರಿಗೆ ಇದಕ್ಕಿಂತ ಕೆಟ್ಟ ಮಾತಿಲ್ಲ, ಆದರೂ ಯಾಕೋ ಖುಷಿಯಾಯಿತು. ಬೆಳಗಿನಿಂದ ನನ್ನನ್ನು ನೆನಪಿಟ್ಟುಕೊಂಡ ಒಬ್ಬರಾದರೂ ಈ ರಸ್ತೆಯ ಮೇಲೆ ಇದ್ದಾರಲ್ಲ ಅಂತ.

ಅಲ್ಲಿಂದ ಮುಂದೆ ಮಣ್ಣಿನ ಬಣ್ಣ ಬದಲಾಗುತ್ತದೆ. ಕರಿಮಣ್ಣು ಹಿಂದೆ ಬೀಳುತ್ತದೆ, ಬೀದರಿನ ಕೆಂಪು ಜಂಬಿಟ್ಟಿಗೆ ಕಾಣಿಸುತ್ತದೆ. ಹೆಚ್ಚುಕಮ್ಮಿ 600 ವರ್ಷದ ಹಿಂದೆ ಬಹಮನಿ ಸುಲ್ತಾನ ಅಹ್ಮದ್ ಶಾ ತನ್ನ ರಾಜಧಾನಿಯನ್ನು ಕಲಬುರಗಿಯಿಂದ ಎಬ್ಬಿಸಿ ಬೀದರಿಗೆ ಒಯ್ದ. ಆನೆ, ಕುದುರೆ, ಖಜಾನೆ, ಅಡುಗೆಯವರು ಎಲ್ಲ ಈ ಸೀಮೆಯಲ್ಲೇ ಎಲ್ಲೋ ಈ ಏರು ಹತ್ತಿರಬೇಕು. ಅವರಿಗೂ ಎದುರುಗಾಳಿ ಇತ್ತೇ? ಕೊನೆಯ 40 ಕಿಲೋಮೀಟರಿನಲ್ಲಿ ತಲೆಗೆ ಇಂಥದ್ದೇ ಬರುತ್ತದೆ. ಆ ಅಹ್ಮದ್ ಶಾನ ಗೋರಿ ಬೀದರಿನ ಹತ್ತಿರ ಅಷ್ಟೂರಿನಲ್ಲಿದೆ. ಅಲ್ಲಿನ ಉರುಸಿಗೆ ಕಲಬುರಗಿ ಜಿಲ್ಲೆಯ ಮಾಡ್ಯಾಳದಿಂದ ಜಂಗಮರು ಭಕ್ತರ ಜೊತೆ ಕಾಲ್ನಡಿಗೆಯಲ್ಲಿ ಹೋಗುವ ಪದ್ಧತಿ ಇದೆ. ಸುಲ್ತಾನನ ಉರುಸಿಗೆ ಜಂಗಮರು. ನಮ್ಮ ಸೀಮೆಯಲ್ಲಿ ಇದು ಯಾರಿಗೂ ಆಶ್ಚರ್ಯ ಅನ್ನಿಸುವುದೂ ಇಲ್ಲ.

ಇದನ್ನು ಯಾಕೆ ಹೇಳಿದೆ ಅಂದರೆ, ಹಳ್ಳಿಖೇಡದಲ್ಲಿ ನಡೆದದ್ದನ್ನು ಹೇಳಬೇಕಿದೆ. ಅಲ್ಲಿ ಹಿಂದಿನ ಗಾಲಿಗೆ ಜಾಲಿಮುಳ್ಳು ಹೊಕ್ಕು ಪಂಕ್ಚರ್ ಆಯಿತು. ಅಂಗಡಿ ಮುಚ್ಚಿತ್ತು, ಅಂಗಡಿಯ ಹುಡುಗ ಹೊಲದಲ್ಲಿದ್ದ. ಯಾರೋ ಫೋನ್ ಮಾಡಿದರು, ಹುಡುಗ ಕೈ ತೊಳೆಯದೆ ಬಂದ, ತೇಪೆ ಹಚ್ಚಿದ. ಅಷ್ಟು ಹೊತ್ತು ಕಟ್ಟೆ ಮೇಲೆ ಕೂತಿದ್ದೆ. ರುಮಾಲು ಸುತ್ತಿದ ಒಬ್ಬ ಮುದುಕರು ಬಂದು, "ಶ್ರೀಶೈಲಕ್ಕೇನವ್ವಾ?" ಅಂದರು. ಇಲ್ಲ, ಬೀದರಿಗೆ. "ಬೀದರದಾಗ ಯಾವ ದೇವರಿಗಿ?"

ನೋಡಿ, ಅವರ ಪ್ರಶ್ನೆಯಲ್ಲಿ ತಮಾಷೆ ಇರಲಿಲ್ಲ. ಯುಗಾದಿ ಮೊದಲು ನಮ್ಮ ಕಡೆಯಿಂದ ಎಷ್ಟು ಜನ ಶ್ರೀಶೈಲಕ್ಕೆ ನಡೆದು ಹೋಗುತ್ತಾರೆ, ದಾರಿಯ ಊರಿನವರು ಅವರಿಗೆ ನೀರು, ಊಟ, ಕಾಲಿಗೆ ಎಣ್ಣೆ ಎಲ್ಲ ಕೊಡುತ್ತಾರೆ, ಯಾರ ಹೆಸರನ್ನೂ ಕೇಳುವುದಿಲ್ಲ. ತನ್ನ ಕಾಲಿನ ಬಲದ ಮೇಲೆ ದೂರ ಹೋಗುವವರನ್ನು ಹೇಗೆ ನೋಡಿಕೊಳ್ಳಬೇಕು ಅನ್ನುವುದು ಆ ಮುದುಕರಿಗೆ ಮೊದಲೇ ಗೊತ್ತಿತ್ತು. ದೇವರ ಹೆಸರು ಮಾತ್ರ ನನ್ನಿಂದ ಬೇಕಿತ್ತು. ನನಗೂ ಬೆಳಗಿನಿಂದ ಅಜ್ಜಿಯ ಗದರಿಕೆ, ಬಾಳೆಹಣ್ಣಿನವರ ಮೂರನೇ ಹಣ್ಣು ಯಾವ ಲೆಕ್ಕಕ್ಕೆ ಬರುತ್ತದೆ ಅಂತ ತಿಳಿದಿರಲಿಲ್ಲ, ಆ ಪ್ರಶ್ನೆ ಕೇಳಿದಾಗ ತಿಳಿಯಿತು. "ರಕ್ತ ಇಲ್ಲದ ಮಕ್ಕಳು ಅದಾರ್ರಿ ಅಜ್ಜಾ, ಅವರ ಸಲುವಾಗಿ" ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಒಳಗೆ ಹೋಗಿ ತಂಬಿಗೆ ನೀರು ತಂದರು. ನನಗೆ ಕುಡಿಯಲು ಅಂದುಕೊಂಡು ಕೈ ಚಾಚಿದೆ. ಪಾದಯಾತ್ರೆಯವರ ಕಾಲಿಗೆ ಹಾಕುವ ಹಾಗೆ ಆ ನೀರನ್ನು ಮುಂದಿನ ಗಾಲಿಗೆ ಹಾಕಿ ಕೈ ಮುಗಿದರು. ಪಂಕ್ಚರ್ ಹುಡುಗ ದುಡ್ಡು ಬೇಡ ಅಂದ, ನಾನೇ ಜುಲುಮೆ ಮಾಡಿ ಕೊಟ್ಟೆ. ಹಬ್ಬದ ಊಟ ಬಿಟ್ಟು ಬಂದಿದ್ದ ಪಾಪ.

ಬೀದರ್ ಇನ್ನು ಹತ್ತು ಕಿಲೋಮೀಟರ್ ಇದೆ ಅನ್ನುವಾಗ ಹಿಂದಿನಿಂದ ಹಾರ್ನ್. ಅದೇ ಬಸ್ಸು, ದಿನದ ಎರಡನೇ ಫೇರಿ. ಈ ಸಲ ಕಂಡಕ್ಟರು ಏನೂ ಹೇಳಲಿಲ್ಲ. ಡ್ರೈವರು ನಿಧಾನ ಮಾಡಿ ಪಕ್ಕದಲ್ಲೇ ಬಂದರು. ಕಿಟಕಿಗಳಿಂದ ಹೆಂಗಸರ ಕೈಗಳು, ಬಳೆಗಳು. ಅವರಿಗೆಲ್ಲ ಕಂಡಕ್ಟರು ನನ್ನ ಕಥೆ ಹೇಳಿಬಿಟ್ಟಿದ್ದರು ಅಂತ ಕಾಣುತ್ತದೆ, ಒಬ್ಬಳು "ಸೋಲಬ್ಯಾಡ ತಂಗೀ, ಬಂತು ಊರು" ಅಂದಳು. ಬಸ್ಸು ಮುಂದೆ ಹೋದ ಮೇಲೆ ಗಾಳಿ ಮತ್ತೆ ಎದೆಗೆ ಹೊಡೆಯಿತು. ಕಣ್ಣಲ್ಲಿ ನೀರು ಬಂತು. ಗಾಳಿಯಿಂದಲೇ ಇರಬೇಕು.

ಹೊತ್ತು ಮುಳುಗುವ ಮುಂಚೆ ಮುಟ್ಟಿದೆ. ನಾನಕ್ ಝಿರಾ ಗುರುದ್ವಾರದಲ್ಲಿ ಲಂಗರಿನ ಸಾಲಿನಲ್ಲಿ ಕೂತು ದಾಲ್ ರೊಟ್ಟಿ ತಿಂದೆವು, ಝರಿಯ ನೀರು ಕುಡಿದೆವು. ಸೈಕಲುಗಳು ಟೆಂಪೋದಲ್ಲಿ ಬಂದವು, ನಾನು ರಾತ್ರಿ ಬಸ್ಸಿನಲ್ಲಿ ಫ್ರೀ ಟಿಕೆಟ್ ಹರಿಸಿಕೊಂಡು ಬಂದೆ. ಹನ್ನೆರಡು ತಾಸು ತುಳಿದ ದಾರಿ ಮೂರು ತಾಸಿಗೆ ಮುಗಿಯಿತು. ಹೆಡ್‌ಮಾಸ್ಟರು ಪೂರ್ತಿ ದುಡ್ಡು ಕೊಟ್ಟರು.

ಇನ್ನು ಒಂದು ಕೆಲಸ ಬಾಕಿ ಇದೆ, ಅದಕ್ಕೇ ಮುಖ್ಯವಾಗಿ ಈ ಮಾತು ಒಪ್ಪಿಕೊಂಡೆ. ಆ ಸ್ಟೀಲ್ ಡಬ್ಬಿ ನನ್ನ ಹತ್ತಿರವೇ ಉಳಿದಿದೆ. ಮುಚ್ಚಳದ ಮೇಲೆ ಮದುವೆಯಲ್ಲಿ ಕೊಟ್ಟವರ ಹೆಸರು ಕೊರೆಸಿದ್ದಾರೆ, ತಿಕ್ಕಿ ತಿಕ್ಕಿ ಅಳಿಸಿ ಹೋಗಿ 1991 ಅನ್ನುವುದು ಮಾತ್ರ ಓದಲು ಬರುತ್ತದೆ. ಆ ರಾತ್ರಿ ಬಸ್ಸಿನಿಂದ ಬೇವಿನ ಮರ ಹುಡುಕಿದೆ, ಕತ್ತಲಲ್ಲಿ ಎಲ್ಲ ಹೊಲವೂ ಒಂದೇ. ಹೆಸರು ಕೇಳಿಕೊಳ್ಳಲಿಲ್ಲ, ಅದು ನನ್ನ ದಡ್ಡತನ. ಕಲಬುರಗಿಯಿಂದ ಬರುವಾಗ ಕಿಣ್ಣಿ ಸಡಕ್ ದಾಟಿ, ಏರು ಮುಗಿಯುವಲ್ಲಿ, ಎಡಗಡೆ, ಎರಡು ಬೇವಿನ ಮರದ ಹೊಲದ ಅಜ್ಜಿ ಇದನ್ನು ಕೇಳುತ್ತಿದ್ದರೆ, ಇಲ್ಲವೇ ಎಂಬತ್ತು ಬಿಟ್ಟು ಎಣಿಸಿದ ಆ ಮಕ್ಕಳು ಕೇಳುತ್ತಿದ್ದರೆ, ಅಜ್ಜಿಗೆ ಹೇಳಿ. ಬರುವ ಭಾನುವಾರ ಬೆಳಿಗ್ಗೆ ಡಬ್ಬಿ ತರುತ್ತೇನೆ. ಖಾಲಿ ಡಬ್ಬಿ ತಿರುಗಿ ಕೊಡಬಾರದು ಅಂತ ನನ್ನ ಅವ್ವ ಮಾದಲಿ ಮಾಡಿ ತುಂಬುತ್ತೇನೆ ಅಂದಿದ್ದಾಳೆ. ಈ ಸಲ ಬಸ್ಸಿನಲ್ಲೇ ಬರುತ್ತೇನೆ.

ನಮಸ್ಕಾರ.